ನೂರು ಹೆಜ್ಜೆ, ಒಂದು ಗೇಣು

ಮೇಸ್ತ್ರಿ ತೀರಿಕೊಂಡ ಮಾರನೇ ದಿನ ಊರಿನ ಯುವಕ ಸಂಘದವರು ಫೋನ್ ಮಾಡಿ, ಶ್ರದ್ಧಾಂಜಲಿ ಫ್ಲೆಕ್ಸಿಗೆ ಎರಡು ಸಾಲು ಬರೆದುಕೊಡಿ ಅಂದರು. ಅವರ ಸಾಧನೆ ಏನು ಅಂತ ಹಾಕೋಣ ಅಂತ ಬೇರೆ ಕೇಳಿದರು. ನನ್ನ ಬಾಯಿಗೆ ಬಂದದ್ದು ಒಂದೇ ಮಾತು: ಓದಿದವರಿಗೆ ಹೇಲೋದು ಕಲಿಸಿದವರು. ಅದನ್ನು ಫ್ಲೆಕ್ಸಿನಲ್ಲಿ ಹಾಕೋಕಾಗುತ್ತಾ? ಕೊನೆಗೆ ಅವರೇ 'ಸರಳ ಸಜ್ಜನ, ಮಿತಭಾಷಿ, ಅಜಾತಶತ್ರು, ಮತ್ತೆ ಹುಟ್ಟಿ ಬನ್ನಿ' ಅಂತ ಅಚ್ಚು ಹಾಕಿಸಿ ಯಸಳೂರಿನಲ್ಲಿ ಬಸ್ಸು ನಿಲ್ಲುವ ಕಡೆ ಕಟ್ಟಿದರು. ಒಂದು ಮಾತೂ ನಿಜವಲ್ಲ. ಮಾತು ಶುರು ಮಾಡಿದರೆ ಅವರಿಗೆ ನಿಲ್ಲಿಸೋದು ಗೊತ್ತಿರಲಿಲ್ಲ. ಶತ್ರುಗಳು ಬೇಕಾದಷ್ಟಿದ್ದರು, ಮೊದಲನೆಯವನು ನಾನೇ.

ಹೆಸರು ಇಲ್ಲಿ ಬರೆಯೋದಿಲ್ಲ. ನಮ್ಮಲ್ಲಿ ಅರ್ಧ ಜನಕ್ಕೆ ಅವರ ಹೆಸರು ಗೊತ್ತಾಗಿದ್ದೇ ಆ ಫ್ಲೆಕ್ಸ್ ನೋಡಿ. ನಲವತ್ತು ವರ್ಷ ಒಂದು ಎಸ್ಟೇಟಿನಲ್ಲಿ ಬೆಳಿಗ್ಗೆ ಆಳುಗಳ ಹೆಸರು ಕೂಗಿ, ಸಾಲು ಹಂಚಿ, ಕೆಲಸಕ್ಕೆ ಹಚ್ಚುವ ಮೇಸ್ತ್ರಿಯಾಗಿದ್ದರು. ರಿಟೈರ್ ಆದ ಮೇಲೂ ಮೇಸ್ತ್ರಿಯೇ. ಖಾಕಿ ಚಡ್ಡಿ, ಮಂಡಿಯವರೆಗೆ ಉದ್ದನೆ ಕಾಲುಚೀಲ, ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಲಿಂಗ, ಅದರ ಜೊತೆಗೇ ಇನ್ನೊಂದು ದಾರದಲ್ಲಿ ಒಂದು ವಿಶಲ್. ಎರಡಕ್ಕೂ ಒಂದೇ ಮರ್ಯಾದೆ.

ನನ್ನ ಕತೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಅವರು ಅರ್ಥವಾಗೋದಿಲ್ಲ. ಯಸಳೂರಿಂದ ಮೇಲೆ ಗುಡ್ಡದ ಇಳಿಜಾರಿನಲ್ಲಿ ನನಗೆ ಮೂರೆಕರೆ ಕಾಫಿ, ಅದರ ತಲೆಯ ಮೇಲೆ ಬೋಳು ಹುಲ್ಲುಗಾವಲು. ಹುಲ್ಲುಗಾವಲಿನಲ್ಲಿ ಎಂಟು ಟೆಂಟ್ ಹಾಕಿದೆ. ಅಲ್ಲಿ ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಕಕ್ಕಸಿಲ್ಲ. ಇಲ್ಲದ್ದನ್ನೆಲ್ಲ ಸೇರಿಸಿ 'ಆಫ್ ಗ್ರಿಡ್' ಅಂತ ಬೋರ್ಡ್ ಬರೆಸಿದೆ ನೋಡಿ, ಅದೇ ಒಂದು ಸೌಕರ್ಯ ಆಗಿಬಿಟ್ಟಿತು. ಕೆಳಗೆ ರಸ್ತೆ ಪಕ್ಕದ ಗೋಡೆಯ ಮೇಲೆ 'ಬಯಲು ಶೌಚ ಮುಕ್ತ ಗ್ರಾಮ' ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ. ಅದರ ಪಕ್ಕಕ್ಕೇ ನನ್ನ ಬೋರ್ಡು, ಮೇಲಕ್ಕೆ ಬಾಣದ ಗುರುತು. ಊರಿನವರು ಬಿಟ್ಟದ್ದನ್ನು ಬೆಂಗಳೂರಿನವರು ಕಾರು ಮಾಡಿಕೊಂಡು ಬಂದು ಹಿಡಿದುಕೊಂಡರು.

ಪ್ರಕೃತಿಯ ಜೊತೆ ಒಂದಾಗಿ ಅಂತ ನಾನು ಹೇಳ್ತಿದ್ದೆ. ಅವರು ಒಂದಾಗುತ್ತಿದ್ದರು, ಅದೂ ನೀರಿನ ಸದ್ದು ಕೇಳುವ ಕಡೆಗೇ ಹೋಗಿ. ಹುಲ್ಲುಗಾವಲು ಮುಗಿದು ನಾಲ್ಕಾರು ಸಾಲು ಕಾಫಿ ದಾಟಿದರೆ ತಗ್ಗಿನಲ್ಲಿ ಒಂದು ಒರತೆ ಇದೆ. ಬೇಸಿಗೆಯಲ್ಲೂ ಬತ್ತೋದಿಲ್ಲ. ಅಲ್ಲಿಂದ ಒಂದು ಕರಿ ಪೈಪು ಗುಡ್ಡ ಇಳಿದು ಬುಡದಲ್ಲಿರುವ ಆರು ಮನೆಗೆ ಹೋಗುತ್ತದೆ. ಅದರಲ್ಲಿ ಕಡೇ ಮನೆ ಮೇಸ್ತ್ರಿಯದು. ಆ ಪೈಪು ನಾನು ಹುಟ್ಟಿದಾಗಿಂದ ನೋಡಿದ್ದೆ. ನೋಡಿಯೂ ಟೆಂಟ್ ಹಾಕಿದೆ.

ಕ್ಯಾಂಪ್ ಶುರುವಾಗಿ ಎರಡು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಎಲ್ಲರೂ ಸುತ್ತ ಕೂತು ಅಕ್ಕಿರೊಟ್ಟಿ ತಿನ್ನುತ್ತಿದ್ದಾಗ ಮೇಸ್ತ್ರಿ ಗುಡ್ಡ ಹತ್ತಿ ಬಂದರು. ಕೈಯಲ್ಲಿ ಹಿತ್ತಾಳೆ ಚೊಂಬು. ಅದನ್ನು ನನ್ನ ತಟ್ಟೆಯ ಪಕ್ಕ ಇಟ್ಟರು.

"ಕುಡೀರಿ ಸಾವ್ಕಾರ್ರೆ."

ಮೂರೆಕರೆಯವನನ್ನು ಸಾವ್ಕಾರ್ರೆ ಅನ್ನೋದರಲ್ಲಿ ಮರ್ಯಾದೆ ಎಷ್ಟಿತ್ತು, ಕುಹಕ ಎಷ್ಟಿತ್ತು ಅಂತ ನನಗೆ ಕೊನೆವರೆಗೂ ತಿಳಿಯಲಿಲ್ಲ.

"ಏನಿದು ಮೇಸ್ತ್ರೇ?"

"ನೀರು. ಈಗ ನಮ್ಮ ಪೈಪಲ್ಲಿ ಬಂದಿದ್ದು. ನಿಮ್ಮ ಒರತೇದೇ."

ಟೋಪಿ ಹಾಕಿಕೊಂಡ ಒಬ್ಬ ಹುಡುಗಿ, "ವಾವ್, ಸ್ಪ್ರಿಂಗ್ ವಾಟರಾ?" ಅಂತ ಚೊಂಬಿನ ಫೋಟೋ ತೆಗೆದುಕೊಂಡಳು. ಮೇಸ್ತ್ರಿ ಅವಳ ಕಡೆ ತಿರುಗಿ ತುಂಬ ಮರ್ಯಾದೆಯಿಂದ, "ಹೌದು ಕಣಮ್ಮ, ನೀವು ಬೆಳಿಗ್ಗೆ ಅದ್ರ ಪಕ್ಕದಲ್ಲೇ ಕೂತಿದ್ರಿ, ನಿಮ್ಗೆ ಗೊತ್ತಿರ್ತದೆ" ಅಂದರು. ರೊಟ್ಟಿ ತಿನ್ನೋದು ಎಲ್ಲರದೂ ಒಂದೇ ಸಲ ನಿಂತಿತು.

ನಾನು ಕುಡಿಯಲಿಲ್ಲ. ಈಗಷ್ಟೇ ಕಾಫಿ ಆಯಿತು ಅಂದೆ. ಅವರು ನೀರನ್ನು ನನ್ನ ಚಪ್ಪಲಿಯ ಪಕ್ಕ ಚೆಲ್ಲಿ, ಖಾಲಿ ಚೊಂಬು ಹಿಡಿದುಕೊಂಡು ಇಳಿದು ಹೋದರು. ಮಾರನೇ ದಿನವೂ ಬಂದರು, ಆಮೇಲಿನ ದಿನವೂ ಬಂದರು. ನಾಲ್ಕನೇ ದಿನ ನಾನು ಕೈಮುಗಿದು, ಏನು ಮಾಡಬೇಕು ಹೇಳಿ ಮಾರಾಯ್ರೆ ಅಂದೆ. ಅವರು ಹಗ್ಗ, ಗೂಟ, ಸಣ್ಣ ಗುದ್ದಲಿ ತರಿಸಿ ಅಂದರು. ಹೀಗೆ ಅವರು ನನ್ನ ಕ್ಯಾಂಪಿಗೆ ಸೇರಿಕೊಂಡರು. ಸೇರಿಕೊಂಡರು ಅನ್ನೋದಕ್ಕಿಂತ ಕ್ಯಾಂಪು ಅವರ ಕೈಗೆ ಹೋಯಿತು ಅನ್ನಬೇಕು.

ಅವರಿಗೆ ಗೊತ್ತಿದ್ದದ್ದು ಎಸ್ಟೇಟ್ ಕೆಲಸ. ಹಾಗಾಗಿ ಇದನ್ನೂ ಎಸ್ಟೇಟ್ ಕೆಲಸದ ಹಾಗೇ ಮಾಡಿದರು. ಕಾಫಿ ನೆಡುವಾಗ ಹಗ್ಗ ಎಳೆದು ಆರಡಿಗೊಂದು ಗೂಟ ಹೊಡೆಯುತ್ತಾರಲ್ಲ, ಥೇಟ್ ಹಾಗೆ ಒರತೆ ಇಲ್ಲದ ಆಚೆ ಬದಿಯ ಕುರುಚಲಿನಲ್ಲಿ ಹಗ್ಗ ಎಳೆದರು. ಒರತೆಯಿಂದ ಗುಡ್ಡದ ನೆತ್ತಿಗೆ ಹೆಜ್ಜೆ ಎಣಿಸಿ, ನೂರು ದಾಟಿದ ಮೇಲೇ ಮೊದಲನೇ ಸಾಲು. ಬಂದವರಿಗೆಲ್ಲ ಬೆಳಿಗ್ಗೆ ಕೈಗೊಂದು ಗುದ್ದಲಿ, ಒಂದು ಗೂಟ, ಒಂದು ಮಗ್ ನೀರು. ತಾವೇ ತೋಡಬೇಕು, ತಾವೇ ಮುಚ್ಚಬೇಕು, ಮುಚ್ಚಿದ ಮೇಲೆ ಗೂಟ ನೆಡಬೇಕು, ಇನ್ನೊಬ್ಬ ಬಂದು ಅಲ್ಲೇ ಅಗೆಯಬಾರದು ಅಂತ. ಗೂಟ ವಾಪಸ್ ತಂದರೆ ಕೆಲಸ ಆಗಿಲ್ಲ ಅಂತ ಅರ್ಥ. ಅಂಥವರನ್ನು ಎಲ್ಲರೆದುರೇ, "ಏನು, ಇವತ್ತು ಆಗ್ಲಿಲ್ವಾ?" ಅಂತ ಕೇಳೋರು. ದೊಡ್ಡ ಕಂಪನಿಗಳ ದೊಡ್ಡ ಮನುಷ್ಯರು ತಲೆ ತಗ್ಗಿಸಿ ಗೂಟ ಹಿಂದಕ್ಕೆ ಕೊಡೋದನ್ನು ನಾನು ನೋಡಿದ್ದೇನೆ.

"ನೀರಿಂದ ನೂರು ಹೆಜ್ಜೆ, ನೆಲಕ್ಕೆ ಒಂದು ಗೇಣು." ಬಂದ ಪ್ರತಿ ಗುಂಪಿಗೂ ಇದನ್ನು ಮೂರು ಸಲ ಹೇಳಿಸುತ್ತಿದ್ದರು. ಬೆಳಿಗ್ಗೆ ಯೋಗ ಮಾಡಿಸೋಕೆ ಬರುತ್ತಿದ್ದ ಮೇಡಂ ಒಬ್ಬರು ಅದನ್ನೇನೋ ಮಂತ್ರ ಅಂದುಕೊಂಡು ಕಣ್ಣು ಮುಚ್ಚಿ ಹೇಳುತ್ತಿದ್ದರು.

ಒಂದು ಗೇಣೇ ಯಾಕೆ ಅಂತ ಒಬ್ಬ ಕೇಳಿದ. ಅವನು ಉತ್ಸಾಹದಲ್ಲಿ ಸೊಂಟದವರೆಗೆ ತೋಡಿಬಿಟ್ಟಿದ್ದ. ಮೇಸ್ತ್ರಿ ಗುಂಡಿಯ ಅಂಚಿನಲ್ಲಿ ನಿಂತು ಒಳಗೆ ಇಣುಕಿ ನೋಡಿದರು.

"ಬಾವಿ ತೋಡ್ತಾ ಇದೀರಾ ಸಾರ್? ಜೀವ ಇರೋದು ಮೇಲಿನ ಮಣ್ಣಲ್ಲಿ ಕಣ್ರೀ. ಎಲೆ ಕೊಳಿಯೋದು ಮೇಲೆ, ಎರೆಹುಳ ಇರೋದು ಮೇಲೆ. ಅಷ್ಟು ಆಳಕ್ಕೆ ಹಾಕ್ಬುಟ್ರೆ ಅದು ಹಂಗೇ ಕೂತಿರ್ತದೆ. ನಿಮ್ಮ ಮೊಮ್ಮಗ ಬಂದು ಅಗೆದ್ರೂ ಸಿಗ್ತದೆ."

ಹಂಗೇ ಕೂತಿರೋದು ಅಂದರೆ ಏನು ಅಂತ ತೋರಿಸೋಕೆ ಅವರ ಹತ್ತಿರ ಒಂದು ಬಿಸ್ಕತ್ತಿನ ಡಬ್ಬ ಇತ್ತು. ಕ್ಯಾಂಪಿನವರು ತರುವ ಒದ್ದೆ ಟಿಶ್ಯೂ ಇದೆಯಲ್ಲ, ಸುವಾಸನೆಯದು, ಅಂಥದ್ದೊಂದನ್ನು ಮಣ್ಣಲ್ಲಿ ಹೂತಿಟ್ಟು ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿಗೆ ಹೊರಗೆ ತೆಗೆದಿದ್ದರು. ಸಂಜೆ ಎಲ್ಲರೂ ಟೀ ಹಿಡಿದು ಕೂತಾಗ ಡಬ್ಬ ತೆಗೆದು, ಅದನ್ನು ಕಡ್ಡಿಯ ತುದಿಯಲ್ಲಿ ಎತ್ತಿ ಹಿಡಿಯುತ್ತಿದ್ದರು. "ಒಂದು ವರ್ಷ ಆಗೈತೆ. ನೋಡಿ, ಅಂಚು ಕೂಡ ಹೋಗಿಲ್ಲ. ತೊಳ್ಕೊಳ್ಳಕ್ಕೆ ನೀರು ಕೊಡ್ತೀವಿ. ಅದು ಆಗಲ್ಲ ಅಂದ್ರೆ ಇದನ್ನ ಕವರಲ್ಲಿ ಕಟ್ಕೊಂಡು ಬೆಂಗ್ಳೂರಿಗೆ ತಗೊಂಡೋಗಿ. ನಿಮ್ದು ನಿಮ್ಮ ಜೊತೆಗಿರ್ಲಿ." ಇಷ್ಟು ಹೇಳಿ ಅದನ್ನು ಮಡಿಸಿ ವಾಪಸ್ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತೋರು. ಟೀ ಜೊತೆ ಇಟ್ಟಿದ್ದ ಬಿಸ್ಕತ್ತನ್ನು ಆಮೇಲೆ ಯಾರೂ ಮುಟ್ಟುತ್ತಿರಲಿಲ್ಲ.

ವಿಶಲಿನ ಕತೆ ಬೇರೆ. ಹಿಂದೆ ಊರಿನಲ್ಲಿ ಬಯಲಿಗೆ ಹೋಗುವವರನ್ನು ನಾಚಿಸೋಕೆ ಬೆಳಿಗ್ಗೆ ಹೊತ್ತು ವಿಶಲ್ ಊದುವ ಒಂದು ತಂಡ ಮಾಡಿದ್ದರು. ಕೂಗಿ ಕೂಗಿ ಅಭ್ಯಾಸ ಇದ್ದದ್ದರಿಂದ ಇವರನ್ನೂ ಸೇರಿಸಿಕೊಂಡಿದ್ದರು. ತಂಡ ಹೋಯಿತು, ವಿಶಲ್ ಉಳಿಯಿತು. ಕ್ಯಾಂಪಿನಲ್ಲಿ ಯಾರಾದರೂ ಒರತೆಯ ಕಡೆ ಹೆಜ್ಜೆ ಹಾಕಿದರೆ ಸಾಕು, ಗುಡ್ಡವೆಲ್ಲ ಕೇಳುವ ಹಾಗೆ ಊದೋರು. ಒಂದು ಸಲ ಪಾಪ, ಹೊಸದಾಗಿ ಮದುವೆಯಾದವರಿಬ್ಬರು ಸುಮ್ಮನೆ ನೀರು ನೋಡೋಕೆ ಹೋಗಿದ್ದರು. ವಿಶಲಿಗೆ ಬೆಚ್ಚಿ ಹೆಂಡತಿ ಜಾರಿ ಬಿದ್ದಳು. ನಾನು ಕ್ಷಮೆ ಕೇಳಿದೆ. ಮೇಸ್ತ್ರಿ ಕೇಳಲಿಲ್ಲ.

ಇಷ್ಟೆಲ್ಲ ಮಾಡುವ ಮನುಷ್ಯನ ಮನೆಯ ಶೌಚಾಲಯದಲ್ಲಿ ಸೌದೆ ತುಂಬಿತ್ತು. ನಾನು ಕಣ್ಣಾರೆ ನೋಡಿ, ಸಿಕ್ಕಿಬಿದ್ದಿರಿ ಅನ್ನುವ ಖುಷಿಯಲ್ಲಿ ಕೇಳಿದೆ.

"ವಿಶಲ್ ಊದೋ ಮೇಸ್ತ್ರಿ ಮನೇಲಿ ಇದೇನ್ರೀ?"

"ಕಟ್ಟಿಸ್ದೋನು ಮಣ್ಣು ಮೆತ್ತಗಿರೋ ಕಡೆ ನೋಡಿ ಗುಂಡಿ ತೆಗೆಸ್ಬುಟ್ಟ. ಮಣ್ಣು ಯಾಕೆ ಮೆತ್ತಗೈತೆ? ಪಕ್ಕದಲ್ಲೇ ಪಕ್ಕದ್ಮನೆಯೋರ ಬಾವಿ. ಹದಿನೈದು ಹೆಜ್ಜೆ ಇಲ್ಲ. ಬೀಗ ಹಾಕಿದ್ರೆ ನೆಂಟ್ರು ಬೀಗದ ಕೈ ಕೇಳ್ತಾರೆ, ಅದಕ್ಕೇ ಸೌದೆ ತುಂಬಿದೀನಿ." ಅವರು ಮತ್ತು ಅವರ ಹೆಂಡತಿ ಈ ವಯಸ್ಸಿನಲ್ಲೂ ಗುದ್ದಲಿ ಹಿಡಿದು ನೂರು ಹೆಜ್ಜೆ ನಡೆಯುತ್ತಿದ್ದರು. ನನ್ನ ಖುಷಿ ಅಲ್ಲಿಗೇ ಇಳಿಯಿತು.

ತೊಟ್ಟಿಲು ಗುಂಡಿಯ ಪ್ರಕರಣ ಹೇಳದಿದ್ದರೆ ಅವರ ಆತ್ಮ ನನ್ನನ್ನು ಬಿಡೋದಿಲ್ಲ. ಒರತೆಯ ಮೇಲ್ಗಡೆಯ ಕಾಫಿ ಸಾಲುಗಳ ಮಧ್ಯೆ ಮಳೆನೀರು ನಿಂತು ಇಂಗಲಿ ಅಂತ ತೊಟ್ಟಿಲಿನ ಆಕಾರದ ಉದ್ದ ಗುಂಡಿ ತೋಡುತ್ತೇವೆ. ನನ್ನ ಒರತೆ ಬತ್ತದೆ ಇರುವುದೇ ಆ ಗುಂಡಿಗಳಿಂದ. ಒಂದು ಮಾರ್ಚಿ ತಿಂಗಳ ಕೊನೆಯಲ್ಲಿ ಯಾವುದೋ ಕಂಪನಿಯ ಹದಿನಾಲ್ಕು ಜನ 'ಟೀಮ್ ಬಿಲ್ಡಿಂಗ್' ಅಂತ ಬಂದಿದ್ದರು. ಮೇಸ್ತ್ರಿ ಆ ಬೆಳಿಗ್ಗೆ ಸಕಲೇಶಪುರಕ್ಕೆ ಹೋಗಿ ತಡವಾಗಿ ಬಂದರು. ಗೂಟಗಳೆಲ್ಲ ಕಟ್ಟು ಬಿಚ್ಚದೆ ಹಾಗೇ ಇದ್ದವು.

"ಎಲ್ಲಾರ್ದೂ ಆಯ್ತಾ?" ಅಂತ ಕೇಳಿದರು.

ಮ್ಯಾನೇಜರು ಹೆಮ್ಮೆಯಿಂದ, "ಆಯ್ತು ಅಂಕಲ್. ತೋಡೋದೇ ಬೇಕಾಗಲಿಲ್ಲ. ಕೆಳಗಡೆ ಕಾಫಿಯಲ್ಲಿ ರೆಡಿ ಗುಂಡಿ ಇದಾವಲ್ಲ, ನೀಟಾಗಿ ತೋಡಿಟ್ಟಿದೀರ. ವೆರಿ ವೆಲ್ ಆರ್ಗನೈಸ್ಡ್" ಅಂದ.

ಅವತ್ತು ಅವರು ವಿಶಲ್ ಊದಲಿಲ್ಲ. ಮುಖ ಎತ್ತಿ ಆಕಾಶ ನೋಡಿದರು. ಮಾರನಹಳ್ಳಿ ಕಡೆಯಿಂದ ಮೋಡ ಕಟ್ಟಿಕೊಂಡು ಬರುತ್ತಿತ್ತು. ಕಾಫಿ ಹೂವಿಗೆ ನಾವೆಲ್ಲ ಬಾಯಿಬಿಟ್ಟುಕೊಂಡು ಕಾಯುವ ಮಳೆ ಅದು. ಆ ದಿನ ಅದು ಬಂದರೆ ಹದಿನಾಲ್ಕು ಜನರ ಬೆಳಗಿನ ಕೆಲಸ ನೆಟ್ಟಗೆ ಆರು ಮನೆಯ ಕೊಡಕ್ಕೆ ಇಳಿಯುತ್ತಿತ್ತು.

"ಸಾರ್, ನೀವು ಬಂದಿರೋದು ಟೀಮ್ ಕಟ್ಟಕ್ಕೆ ತಾನೇ?" ಅಂದರು ಮೇಸ್ತ್ರಿ. "ಬನ್ನಿ, ಕಟ್ಟಾನ."

ಹದಿನಾಲ್ಕು ಜನರ ಹೆಸರು ಕೇಳಿ, ಎಸ್ಟೇಟಿನಲ್ಲಿ ಕೂಗಿದ ಹಾಗೆ ಒಬ್ಬೊಬ್ಬರನ್ನೇ ಕೂಗಿ ಸಾಲಿಗೆ ನಿಲ್ಲಿಸಿದರು. ಕೈಗೆ ಗುದ್ದಲಿ, ಮಣ್ಣು ಹೊರುವ ಕಬ್ಬಿಣದ ಬಾಣಲಿ, ಮೇಲೆ ಉದುರಿಸೋಕೆ ಒಲೆಯ ಬೂದಿ. ಅವರವರದು ಅವರವರೇ ಎತ್ತಬೇಕು, ಗುಡ್ಡ ದಾಟಿಸಬೇಕು, ಒಂದು ಗೇಣು ತೋಡಿ ಮುಚ್ಚಬೇಕು. ಮ್ಯಾನೇಜರು, ನಾನು ಗೆಸ್ಟು ಅಂತ ಏನೋ ಶುರು ಮಾಡಿದ. "ಮಳೆಗೆ ಅದು ಗೊತ್ತಿಲ್ಲ ಸಾರ್, ಬೇಗ ಬನ್ನಿ" ಅಂದರು. ಮಳೆ ಬಂದಾಗ ಕೊನೆಯ ಬಾಣಲಿ ಆಗಷ್ಟೇ ಗುಡ್ಡ ದಾಟಿತ್ತು. ನಾನು ಮೂಗು ಮುಚ್ಚಿಕೊಂಡು ದೂರ ನಿಂತು, ಇನ್ನು ನನ್ನ ಕ್ಯಾಂಪು ಮುಗಿಯಿತು ಅಂದುಕೊಳ್ಳುತ್ತಿದ್ದೆ. ಆ ಕಂಪನಿಯವರು ಐದಕ್ಕೆ ಐದು ಸ್ಟಾರ್ ಕೊಟ್ಟು, ಇಷ್ಟು ಅಸಲಿ ಅನುಭವ ಇನ್ನೆಲ್ಲೂ ಸಿಗಲಿಲ್ಲ ಅಂತ ಬರೆದರು. ಮುಂದಿನ ಗುಂಪಿನವರು ಫೋನ್ ಮಾಡಿ, ಆ ಬಾಣಲಿ ಆಕ್ಟಿವಿಟಿ ನಮಗೂ ಇದೆಯಾ ಅಂತ ಕೇಳಿದರು. ದೇವರಾಣೆಗೂ ಕೇಳಿದರು.

ಆ ಅಮಲಿನಲ್ಲೇ ನನಗೊಂದು ಉಪಾಯ ಹೊಳೆಯಿತು. ಒಬ್ಬ ಆಳು ಇಟ್ಟುಬಿಟ್ಟರೆ ಹೇಗೆ? ಗುಂಡಿ ತೋಡೋದು, ಮುಚ್ಚೋದು ಎಲ್ಲ ಅವನೇ. ಗೆಸ್ಟಿಗೆ ಆರಾಮ. ಮೇಸ್ತ್ರಿಗೆ ಹೇಳಿದೆ. ಅವರು ಬೈಯಲಿಲ್ಲ, ಅದೇ ನನಗೆ ಹೆದರಿಕೆ ಆಗಿದ್ದು. ಕಟ್ಟೆಯ ಮೇಲೆ ಕೂತು ಕಾಲುಚೀಲ ಎಳೆದುಕೊಂಡರು.

"ನಾನು ಹೊಸ್ದಾಗಿ ಕೆಲಸಕ್ಕೆ ಸೇರಿದಾಗ ಬಂಗ್ಲೇಲಿ ಡಬ್ಬದ ಕಕ್ಕಸು ಇತ್ತು. ದಿನಾ ಬೆಳಿಗ್ಗೆ ಆಳುಗಳ ಲೈನ್ ಮನೆಯಿಂದ ಒಬ್ಬನ್ನ ಆ ಡಬ್ಬ ಹೊತ್ತು ಚೆಲ್ಲಕ್ಕೆ ಕಳಿಸ್ಬೇಕು. ಒಬ್ಬನೇ, ಯಾವಾಗ್ಲೂ ಅವನೇ. ಅವನ ಹೆಸ್ರು ಕೂಗ್ತಿದ್ದೋನು ನಾನು. ನಾನು ಕೂಗಿದ ತಕ್ಷಣ ಸಾಲಲ್ಲಿ ನಿಂತಿದ್ದ ಉಳಿದೋರೆಲ್ಲ ನಗೋರು, ನಾನೂ ನಕ್ಕಿದೀನಿ." ಇನ್ನೊಂದು ಕಾಲುಚೀಲವನ್ನೂ ಎಳೆದುಕೊಂಡು ಅಂದರು: "ಆ ಹೆಸ್ರು ಇನ್ನೊಂದು ಸಲ ನನ್ನ ಕೈಲಿ ಕೂಗಿಸ್ಬ್ಯಾಡಿ ಸಾವ್ಕಾರ್ರೆ. ಅವರವರ್ದು ಅವರವರೇ ಮುಚ್ಲಿ." ಅವರ ದನಿ ತಗ್ಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನನಗೆ ನಾಚಿಕೆಯಾಯಿತು, ಆಳಿನ ಮಾತು ಅಲ್ಲಿಗೇ ಬಿಟ್ಟೆ.

ಪ್ರತಿ ಸೋಮವಾರ ಬೆಳಿಗ್ಗೆ, ಗೆಸ್ಟುಗಳೆಲ್ಲ ಹೋದ ಮೇಲೆ, ಅವರು ಚೊಂಬು ಹಿಡಿದು ಬರುವುದು ತಪ್ಪಲಿಲ್ಲ. ನನ್ನೆದುರು ಇಟ್ಟು, "ಕುಡೀರಿ" ಅನ್ನೋರು. ನಾನು ಈಗಷ್ಟೇ ಕಾಫಿ ಆಯಿತು ಅನ್ನುತ್ತಿದ್ದೆ. ಅವರು ಚೊಂಬೆತ್ತಿ ತಾವೇ ಗಟಗಟ ಕುಡಿದು, ಮೀಸೆ ಒರೆಸಿಕೊಂಡು ಹೋಗೋರು. ನೀರು ಚೆನ್ನಾಗಿದೆ ಅಂತ ನನಗೆ ಗೊತ್ತಿತ್ತು. ಆದರೂ ಗಂಟಲಿಗೆ ಇಳಿಯಲ್ಲ ಅನ್ನಿಸುತ್ತಿತ್ತು. ನನ್ನ ಗೆಸ್ಟುಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಈ ಸಲ ಜನವರಿಯಲ್ಲಿ ಅವರು ಮಲಗಿದರು. ಎದೆಯಲ್ಲಿ ಕಫ, ಉಸಿರಾಟ ಕಷ್ಟ. ಅದೇ ವಾರ ಸಾಲು ರಜೆ ಬಂತು, ನಲವತ್ತು ಜನ ಬುಕ್ ಮಾಡಿದ್ದರು. ಮೇಸ್ತ್ರಿ ಇಲ್ಲದೆ ಬೇಡ ಅಂತ ಒಂದು ಮನಸ್ಸು ಹೇಳಿತು. ಇನ್ನೊಂದು ಮನಸ್ಸು, ಇಷ್ಟು ದಿನ ಕಲಿತಿದ್ದೀಯ, ನೀನೇ ನೋಡಿಕೋ ಅಂದಿತು. ಗುದ್ದಲಿಗಳನ್ನು ಒಂದು ಮೂಲೆಯಲ್ಲಿ ಜೋಡಿಸಿಟ್ಟು, ನೂರು ಹೆಜ್ಜೆ ಒಂದು ಗೇಣು ಅಂತ ಒಂದು ಸಲ ಹೇಳಿ, ನಾನು ಅಡುಗೆ ನೋಡೋಕೆ ಹೋದೆ. ನಾಲ್ಕು ದಿನ. ಗುದ್ದಲಿಗಳು ಜೋಡಿಸಿದ ಹಾಗೇ ಇದ್ದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಆ ಕಡೆ ನೋಡದೆ ಓಡಾಡಿದೆ. ಅವರನ್ನು ನೋಡೋಕೂ ಹೋಗಲಿಲ್ಲ, ಪುರುಸೊತ್ತಿಲ್ಲ ಅಂತ. ಸೋಮವಾರ ಚೊಂಬು ಬರಲಿಲ್ಲ. ಗುರುವಾರ ಅವರು ಹೋಗಿಬಿಟ್ಟರು.

ಡಾಕ್ಟರು ಶ್ವಾಸಕೋಶದ ಕಾಯಿಲೆ ಅಂದರು. ಹಾಗಾದರೆ ನೀರಿನಿಂದ ಅಲ್ಲ ಅಂತ ನನಗೆ ಮೊದಲು ಸಮಾಧಾನವಾಯಿತು. ಸತ್ತ ಮನುಷ್ಯನ ಸುದ್ದಿ ಕೇಳಿ ಮೊದಲು ಬಂದದ್ದು ಸಮಾಧಾನ ಅಂತ ಬರೆಯೋಕೆ ಹೇಸಿಗೆಯಾಗುತ್ತದೆ. ಆದರೆ ಅದೇ ನಿಜ.

ಹಾಲು ತುಪ್ಪದ ಶಾಸ್ತ್ರ ಮುಗಿದ ಮೇಲೆ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತೆ. ಅವರ ಹೆಂಡತಿ ಒಳಗಿನಿಂದ ತಟ್ಟೆ ತಂದಿಟ್ಟರು. ನಮ್ಮ ಕಡೆ ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಡೋದು ಪದ್ಧತಿ. ತಟ್ಟೆಯಲ್ಲಿ ಬೆಲ್ಲದ ಚೂರು ಇತ್ತು. ಅದರ ಪಕ್ಕದಲ್ಲಿ, ಚೊಂಬಿನ ಜಾಗದಲ್ಲಿ, ಸೀಲ್ ಒಡೆಯದ ಒಂದು ಬಾಟ್ಲಿ ನೀರು.

"ಇದ್ಯಾಕಕ್ಕ?" ಅಂದೆ.

"ಅವ್ರೇ ತರ್ಸಿಟ್ಟಿದ್ರು, ಮಲಗಿದ್ರಲ್ಲ ಆವಾಗ. ಸಾವ್ಕಾರ್ರು ನನ್ನ ನೋಡಕ್ಕೆ ಬಂದೇ ಬರ್ತಾರೆ, ನಮ್ಮ ನೀರು ಅವ್ರಿಗೆ ಇಳಿಯಲ್ಲ, ಬಾಯಾರ್ಕೊಂಡು ಹೋಗ್ಬಾರ್ದು ಅಂತ. ಎರಡು ದಿನ ಬಾಗ್ಲ ಕಡೇನೇ ನೋಡ್ತಿದ್ರು." ಅವರ ಮಾತಿನಲ್ಲಿ ದೂರು ಇರಲಿಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದರು.

ನನ್ನ ಕಣ್ಣಿಗೆ ನೀರು ಬಂತು. "ಮನೆ ನೀರೇ ಕೊಡಿ ಅಕ್ಕ, ಕುಡೀತೀನಿ" ಅಂದೆ.

"ಈಗ ಬ್ಯಾಡ. ರಜದ ವಾರದಿಂದ ವಾಸ್ನೆ ಐತೆ. ನಾವೇ ಕುದಿಸ್ಕೊಂಡು ಕುಡೀತಾ ಇದೀವಿ." ಸೆರಗಿನಿಂದ ಕೈ ಒರೆಸಿಕೊಂಡರು. "ಮೊದಲ್ನೇ ಮಳೆ ಆಗ್ಲಿ. ಆವಾಗ ಪೈಪಲ್ಲಿ ಏನು ಬರ್ತದೆ ನೋಡ್ಬುಟ್ಟು, ಕೊಡೋದೋ ಬಿಡೋದೋ ಹೇಳ್ತೀನಿ."

ನಾನು ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಬಾಟ್ಲಿ ತಂದು ಕೈಗಿಟ್ಟರು. "ತಗೊಂಡೋಗಿ. ಪ್ಲಾಸ್ಟಿಕ್ಕು, ಇಲ್ಲಿ ಬಿಟ್ರೆ ಮಣ್ಣಲ್ಲಿ ಕರಗಲ್ಲ, ಅವ್ರು ಬೈತಿದ್ರು."

ಕ್ಯಾಂಪ್ ಮುಚ್ಚಿದ್ದೇನೆ. ಬುಕ್ ಮಾಡಿದವರಿಗೆ ರಿಪೇರಿ ಕೆಲಸ ಇದೆ ಅಂತ ಹೇಳಿದ್ದೇನೆ, ಅದು ಸುಳ್ಳಲ್ಲ. ಮೇಸ್ತ್ರಿಯ ಗುದ್ದಲಿ, ಅವರದೇ ಬಾಣಲಿ ತಂದುಕೊಂಡು ಬೆಳಗಾದರೆ ಒರತೆಯ ಸುತ್ತ ಮಂಡಿಯೂರಿ ಹುಡುಕುತ್ತೇನೆ. ಕಲ್ಲಿನ ಸಂದಿ, ತೊಟ್ಟಿಲು ಗುಂಡಿ, ಜರಿಗಿಡದ ಬುಡ. ಟಿಶ್ಯೂಗಳೇ ಒಂದು ಚೀಲ ಆಗಿವೆ. ಉಳಿದದ್ದನ್ನೆಲ್ಲ ಗುಡ್ಡ ದಾಟಿಸಿ, ಒಂದು ಗೇಣು ತೋಡಿ, ಮುಚ್ಚಿ, ಗೂಟ ನೆಡುತ್ತಿದ್ದೇನೆ. ಅವರವರದು ಅವರವರೇ ಮುಚ್ಚಬೇಕು ಅನ್ನೋದು ಅವರ ಕಾನೂನು. ನಲವತ್ತು ಜನ ಯಾರು ಅಂತ ನನಗೀಗ ಮುಖವೂ ನೆನಪಿಲ್ಲ, ಹಾಗಾಗಿ ಅಷ್ಟೂ ನನ್ನದೇ. ಬೇರೆ ಯಾರನ್ನೂ ಕೂಗಿಲ್ಲ.

ಹೂವಿನ ಮಳೆ ಇನ್ನೂ ಬಂದಿಲ್ಲ. ಊರಲ್ಲಿ ಎಲ್ಲರೂ ಬೇಗ ಬರಲಿ ಅಂತ ಕಾಯುತ್ತಿದ್ದಾರೆ, ನಾನೊಬ್ಬ ಇನ್ನೆರಡು ದಿನ ತಡೆಯಲಿ ಅಂತ ಕೇಳಿಕೊಳ್ಳುತ್ತಿದ್ದೇನೆ. ಮಳೆ ಬಂದ ಮೇಲಿನ ಮೊದಲ ಸೋಮವಾರ ಆ ಜಗಲಿಯ ಮೇಲೆ ಹೋಗಿ ಕೂರಬೇಕು. ಕಾಫಿ ಕುಡಿಯದೇ ಹೋಗ್ತೀನಿ. ಒಳಗಿನಿಂದ ತಟ್ಟೆ ಬರುತ್ತದೆ. ಅದರಲ್ಲಿ ಚೊಂಬಿರುತ್ತೋ, ಬಾಟ್ಲಿ ಇರುತ್ತೋ, ಅದು ಅಕ್ಕನಿಗೆ ಬಿಟ್ಟದ್ದು.